ಪುಡಿ ತೂಗುವ ಯಂತ್ರ



ನಮ್ಮಲ್ಲಿ ಅನೇಕರು ಈ ಹೈದರಾಬಾದಿನ ಔಷಧ ಕಾರ್ಖಾನೆಗಳಲ್ಲಿ ದುಡಿಯುವವರು. ಅಲ್ಲಿ ಪುಡಿಯನ್ನು ತೂಗಿ ಹಾಕುವ ಕೆಲಸಕ್ಕೂ ಈಗ ಯಂತ್ರಗಳು ಬರುತ್ತಿವೆ. ತೂಗುತ್ತಿದ್ದವನ ಗತಿಯೇನು ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಎದ್ದಿದೆ. ಉತ್ತರ ಹೇಳುವ ಮೊದಲು ಆ ಕೆಲಸ ಎಂಥದೆಂದು ನೋಡೋಣ.

ಥೈರಾಕ್ಸಿನ್ ಗುಳಿಗೆಗಳಲ್ಲಿ 50 ಮೈಕ್ರೋಗ್ರಾಂನದು ಒಂದು ಬಗೆ. ಅಂಥ ಒಂದು ಲಕ್ಷ ಗುಳಿಗೆಗೆ ಬೇಕಾದ ಔಷಧ ಕೇವಲ 5 ಗ್ರಾಂ. ತೂಗುವಾಗ ಅರ್ಧ ಗ್ರಾಂ ಹೆಚ್ಚಾದರೆ ಲಕ್ಷ ಗುಳಿಗೆಗಳ ಬಲವೂ ನೂರಕ್ಕೆ ಹತ್ತರಂತೆ ಏರಿತು! ತೂಗುವವನ ಕೈಯಲ್ಲಿರುವುದು ಪರರ ಪ್ರಾಣ.

ಪುಡಿಯಾದರೋ ನೀರಿನಂತೆ ಹೇಳಿದಂತೆ ಕೇಳುವ ವಸ್ತುವಲ್ಲ. ಹಿಟ್ಟಿನ ಡಬ್ಬವನ್ನು ಕುಟ್ಟಿದರೆ ಹಿಟ್ಟು ಕುಸಿದು ಇನ್ನಷ್ಟು ಹಿಡಿಸುವುದೆಂದೂ, ಮಳೆಗಾಲದಲ್ಲಿ ಉಪ್ಪು ಗಟ್ಟಿಯಾಗುವುದೆಂದೂ ನಮ್ಮ ತಾಯಂದಿರು ಬಲ್ಲರು. ಆದುದರಿಂದ ಪಾವು-ಸೇರಿನ ಅಳತೆ ಇಲ್ಲಿ ಸಲ್ಲದು, ತೂಕವೇ ಬೇಕು. ಕಾರ್ಖಾನೆಯ ಹಾಪರಿನಲ್ಲಿಯೂ ಪುಡಿ ಕಮಾನು ಕಟ್ಟಿ ನಿಲ್ಲುವುದುಂಟು. ಕಮಾನು ಮುರಿದಾಗ ಒಮ್ಮೆಲೇ ಸುರಿಯುವುದುಂಟು.

ಯಂತ್ರದಲ್ಲಿ ತಿರುಪಿನಂಥ ದಂಡವೊಂದು ತಿರುಗುತ್ತ ಪುಡಿಯನ್ನು ಮುಂದಕ್ಕೆ ದೂಡುತ್ತದೆ. ಪಾತ್ರೆಯ ಕೆಳಗಿನ ಲೋಡ್ ಸೆಲ್ ತೂಕವನ್ನು ತಿಳಿಸುತ್ತದೆ. ಅದರ ಲೋಹ ಭಾರಕ್ಕೆ ಕೂದಲೆಳೆಗಿಂತ ಕಡಿಮೆ ಬಾಗಿದರೂ ಸಾಕು, ಅದಕ್ಕೆ ಅಂಟಿಸಿದ ತೆಳುವಾದ ಲೋಹದ ಎಳೆಯ ವಿದ್ಯುತ್ ನಿರೋಧ ಬದಲಾಗುತ್ತದೆ. ಇದು 1938ರಲ್ಲಿ ಅಮೆರಿಕದ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡ ಉಪಾಯ. ಬೇಕಾದ ತೂಕದ ಹೆಚ್ಚಿನ ಪಾಲನ್ನು ಯಂತ್ರ ಬೇಗ ಸುರಿದು, ಉಳಿದುದನ್ನು ಮೆಲ್ಲನೆ ಉದುರಿಸುತ್ತದೆ; ಇನ್ನೂ ಗಾಳಿಯಲ್ಲಿ ಬೀಳುತ್ತಿರುವ ಪುಡಿಯನ್ನೂ ಲೆಕ್ಕ ಹಿಡಿದು ತುಸು ಮುಂಚೆಯೇ ನಿಲ್ಲುತ್ತದೆ. ನುರಿತ ಅಂಗಡಿಯವನ ಕೈ ಮಾಡುವುದೂ ಇದನ್ನೇ ಅಲ್ಲವೆ?

ಇನ್ನೊಂದು ಲಾಭ ಉಸಿರಿನದು. ಮುಚ್ಚಿದ ಯಂತ್ರದಲ್ಲಿ ಪುಡಿ ಹರಿದರೆ ಔಷಧದ ಧೂಳು ಕೆಲಸಗಾರನ ಎದೆ ಸೇರುವುದು ಕಡಿಮೆ. ಧೂಳಿನಲ್ಲಿ ಬೆಂಕಿಯೂ ಅಡಗಿದೆ: 2008ರಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಸಕ್ಕರೆಯ ಧೂಳು ಸಿಡಿದು 14 ಮಂದಿ ಮಡಿದರು.

ಹೀಗಿರುವಾಗ ಯಂತ್ರ ಬೇಡವೆನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೆ ಹಿಂದಿನಷ್ಟು ಕೈಗಳು ಬೇಕಾಗಲಾರವು ಎಂಬುದನ್ನು ಮುಚ್ಚಿಡುವುದೂ ಸಲ್ಲ. ಯಂತ್ರಕ್ಕೆ ವಿವೇಕವಿಲ್ಲ, ಪ್ರಮಾಣದ ತೂಕವಿಟ್ಟು ಆಗಾಗ ಪರೀಕ್ಷಿಸದಿದ್ದರೆ ಒಂದೇ ತಪ್ಪನ್ನು ದಿನವಿಡೀ ಮಾಡುತ್ತದೆ. ಇಂದು ಪುಡಿಗೆ ತೇವ ಹಿಡಿದಿದೆ, ಇದು ಸರಾಗ ಬೀಳದು ಎಂದು ಬಲ್ಲವನು ವರ್ಷಗಟ್ಟಲೆ ತೂಗಿದವನೇ. ಅವನನ್ನು ಹೊರಗಟ್ಟಿ ಯಂತ್ರ ತರುವುದು ಜಾಣತನವಲ್ಲ. ಅವನಿಗೆ ಕಲಿಸಿ ಅವನ ಕೈಗೇ ಅದನ್ನು ಒಪ್ಪಿಸಬೇಕು. ಇದು ಮಾಲೀಕರಲ್ಲಿ ನಮ್ಮ ಬಿನ್ನಹ.

ನಮ್ಮ ಪಾಲಿನ ಕರ್ತವ್ಯವೂ ಇದೆ. ಸಂಘದ ಕೋಣೆಯಲ್ಲಿ ಭಾನುವಾರ ಒಂದು ಗಂಟೆ, ಬಲ್ಲವರು ಬಲ್ಲದ್ದನ್ನು ಕನ್ನಡದಲ್ಲಿ ಹೇಳಿಕೊಡಲಿ. ಅನ್ನ ಕೊಡುವ ವಿದ್ಯೆಯೂ ತಾಯ್ನುಡಿಯಲ್ಲಿ ಸಿಕ್ಕಾಗ ರಾಜ್ಯೋತ್ಸವ ಸಾರ್ಥಕ.