ಬದುಕು ಯಾವುದರಂತೆ?

(ಪ್ರೌಢಶಾಲೆಯೊಂದರ ಕನ್ನಡ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಲಂಕಾರಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಿಮ್ಮ ಕನ್ನಡ ಮೇಷ್ಟ್ರು ನನ್ನನ್ನು ಕರೆದಿದ್ದಾರೆ. ಅಲಂಕಾರ ಎಂದೊಡನೆ ಮಕ್ಕಳ ಮುಖ ಸಪ್ಪಗಾಗುವುದನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಬಲ್ಲೆ. ಲಕ್ಷಣ ಬರೆಯಿರಿ, ಉದಾಹರಣೆ ಕೊಡಿ, ಸಮನ್ವಯ ಮಾಡಿ. ಅಲ್ಲಿಗೆ ಅದರ ಕಥೆ ಮುಗಿಯಿತು ಎಂದು ನೀವು ತಿಳಿದಿದ್ದೀರಿ. ಆದರೆ ಅದು ಉತ್ತರ ಪತ್ರಿಕೆಯಲ್ಲಿ ಮುಗಿಯುವ ಸಂಗತಿಯಲ್ಲ. ಸಂಸಾರದ ನೊಗ ಹೊತ್ತು ಸಾಕಾಯಿತು ಎನ್ನುವ ಅಪ್ಪ, ಇನ್ನೇನು ಬಾಳಿನ ಸಂಜೆ ಎನ್ನುವ ಅಜ್ಜ, ಚಾರ್ಜ್ ಮುಗಿದಿದೆ ಎಂದು ಹಾಸಿಗೆಗೆ ಬೀಳುವ ಮಗ, ಇವರೆಲ್ಲರೂ ಅಲಂಕಾರದಲ್ಲಿಯೇ ಮಾತನಾಡುತ್ತಿದ್ದಾರೆ. ಬದುಕನ್ನು ನೇರವಾಗಿ ಹಿಡಿಯುವುದು ಕಷ್ಟ. ಆದ್ದರಿಂದ ಕೈಗೆ ಸಿಕ್ಕುವ ಒಂದು ವಸ್ತುವಿನ ಮೂಲಕ ಹಿಡಿಯುತ್ತೇವೆ. ಯಾವ ವಸ್ತುವಿನ ಮೂಲಕ ಹಿಡಿಯುತ್ತೇವೆ ಎಂಬುದೇ ನನ್ನ ಇಂದಿನ ವಿಷಯ.

ಮೊದಲು ಶಾಸ್ತ್ರವನ್ನು ಸ್ವಲ್ಪ ನೋಡೋಣ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ 9ನೆಯ ಶತಮಾನದ ‘ಕವಿರಾಜಮಾರ್ಗ’. ಅದು ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿ ಅಲಂಕಾರಗಳನ್ನು ವಿವರಿಸುತ್ತದೆ. ಉಪಮೆಗೆ ನಾಲ್ಕು ಅಂಗಗಳೆಂದು ನೀವು ಓದಿದ್ದೀರಿ. ‘ಬದುಕು ಹೊಲದಂತೆ ಆರೈಕೆ ಬೇಡುತ್ತದೆ’ ಎಂದರೆ ಬದುಕು ಉಪಮೇಯ, ಹೊಲ ಉಪಮಾನ, ಆರೈಕೆ ಬೇಡುವುದು ಸಮಾನಧರ್ಮ, ‘ಅಂತೆ’ ಎಂಬುದು ಉಪಮಾವಾಚಕ. ಆ ‘ಅಂತೆ’ಯನ್ನು ಕಿತ್ತುಹಾಕಿ ‘ಬದುಕೇ ಹೊಲ’ ಎಂದರೆ ಅದು ರೂಪಕ. ಎರಡೂ ಒಂದೇ ಎಂಬ ಅಭೇದ ಅಲ್ಲಿ ಬಂದುಬಿಡುತ್ತದೆ.

ಈ ‘ಅಂತೆ’ ಬಹಳ ಪುಟ್ಟ ಮಾತು. ಆದರೆ ಕನ್ನಡದಲ್ಲಿ ಅದಕ್ಕೆ ಇನ್ನೊಂದು ಉಪಯೋಗವೂ ಉಂಟು. ‘ಅವರು ಬರುತ್ತಾರಂತೆ’ ಎಂದಾಗ, ಕೇಳಿದ್ದನ್ನು ಹೇಳುತ್ತಿದ್ದೇನೆ, ಖಚಿತವಾಗಿ ನಾನರಿಯೆ ಎಂಬ ವಿನಯ ಅದರಲ್ಲಿದೆ. ಉಪಮೆಯಲ್ಲಿಯೂ ಅಂಥದೇ ಒಂದು ವಿನಯ ಇರುತ್ತದೆ: ಇದು ಹೋಲಿಕೆ, ಪೂರ್ಣ ಸತ್ಯವಲ್ಲ. ರೂಪಕಕ್ಕೆ ಬಲ ಹೆಚ್ಚು, ಅಪಾಯವೂ ಹೆಚ್ಚು. ಹೇಳಿ ಹೇಳಿ ಅಭ್ಯಾಸವಾದ ಮೇಲೆ ಅದು ಹೋಲಿಕೆ ಎಂಬುದೇ ಮರೆತುಹೋಗುತ್ತದೆ.

ಇದನ್ನು ನನಗೆ ಕಲಿಸಿದವರು ಪಂಡಿತರಲ್ಲ. ಹಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಳು. ಎರಡು ದಿನ ಊಟ ಬಿಟ್ಟಿದ್ದಾಳೆಂದು ತಿಳಿದು ಅವಳ ಮನೆಗೆ ಹೋದೆ. ಸಮಾಧಾನ ಹೇಳುವ ಆತುರದಲ್ಲಿ, ‘ಇದಕ್ಕೇಕೆ ಅಳುತ್ತೀಯಮ್ಮ, ಬದುಕೇ ಒಂದು ದೊಡ್ಡ ಪರೀಕ್ಷೆ’ ಎಂದೆ. ಅವಳು ತಲೆಯೆತ್ತಿ, ‘ಹಾಗಾದರೆ ಅದರಲ್ಲೂ ನಾನು ಫೇಲೇ ಅಲ್ಲವೇ ಸಾರ್?’ ಎಂದಳು. ನನ್ನ ಬಾಯಿ ಕಟ್ಟಿಹೋಯಿತು. ಅಲ್ಲಿಯೇ ರಾಗಿ ಕೇರುತ್ತಿದ್ದ ಅವಳ ತಾಯಿ ಮೊರ ಕೆಳಗಿಟ್ಟು ಹೇಳಿದರು: ‘ಒಂದು ಮಳೆ ಕೈಕೊಟ್ಟರೆ ಹೊಲಾನೇ ಮಾರ್ಕೊಂಬಿಡ್ತೀವಾ ಮೇಷ್ಟ್ರೇ? ರಾಗಿ ಹುಟ್ಟದೆ ಹೋದ ಕಡೆ, ಒತ್ತಾಗಿ ಬಂದಿರೋ ಕಡೆಯಿಂದ ಪೈರು ಕಿತ್ತು ನೆಡ್ತೀವಿ.’ ಹುಡುಗಿ ಆ ರಾತ್ರಿ ಊಟ ಮಾಡಿದಳಂತೆ. ಮುಂದೆ ಮತ್ತೆ ಪರೀಕ್ಷೆಗೆ ಕಟ್ಟಿದಳು.

ನಾನು ಹೇಳಿದ್ದೂ ಅಲಂಕಾರವೇ, ಆ ತಾಯಿ ಹೇಳಿದ್ದೂ ಅಲಂಕಾರವೇ. ವ್ಯತ್ಯಾಸ ಎಲ್ಲಿದೆ? ಪರೀಕ್ಷೆಯಲ್ಲಿ ಪ್ರಶ್ನೆ ಹಾಕುವವರು ಬೇರೆ, ಅಂಕ ಹಾಕುವವರು ಬೇರೆ. ನಿಗದಿಯಾದ ದಿನ, ನಿಗದಿಯಾದ ಗಂಟೆ. ಹೊಲದಲ್ಲಿಯೂ ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ಉಳುವುದು, ಬಿತ್ತುವುದು, ಖಾಲಿ ಬಿದ್ದ ಕಡೆ ಮತ್ತೆ ನೆಡುವುದು ನಮ್ಮ ಕೈಯಲ್ಲಿದೆ. ಕೈಮೀರಿದ್ದು ಯಾವುದು, ಕೈಯಲ್ಲಿರುವುದು ಯಾವುದು ಎಂದು ಎರಡನ್ನೂ ತೋರಿಸುವ ಹೋಲಿಕೆ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುತ್ತದೆ. ಒಂದನ್ನೇ ತೋರಿಸುವ ಹೋಲಿಕೆ ಅವನನ್ನು ಕೂರಿಸಿಬಿಡುತ್ತದೆ.

ನಮ್ಮ ಹಿರಿಯರು ಉಪಮಾನವನ್ನು ಹುಡುಕಿಕೊಂಡು ದೂರ ಹೋದವರಲ್ಲ. 12ನೆಯ ಶತಮಾನದ ವಚನಕಾರರನ್ನೇ ನೋಡಿ. ಕಲ್ಯಾಣದಲ್ಲಿ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ಈ ಲೋಕವನ್ನು ನಾಣ್ಯ ಅಚ್ಚು ಹಾಕುವ ಕಮ್ಮಟಕ್ಕೆ ಹೋಲಿಸಿದರು. ಇಲ್ಲಿ ಖೋಟಾ ಆದದ್ದಕ್ಕೆ ಬೇರೆಲ್ಲೂ ಬೆಲೆಯಿಲ್ಲ ಎಂಬುದು ತಾತ್ಪರ್ಯ. ನೂಲುವ ಕಾಯಕದ ಕದಿರ ರೆಮ್ಮವ್ವೆ ತಾವು ತಿರುಗಿಸುವ ರಾಟೆಯ ಭಾಗಗಳಲ್ಲಿಯೇ ದೇವರುಗಳನ್ನು ಕಂಡರು. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನವರಂತೂ ವಚನದ ಅಂಕಿತದಲ್ಲಿಯೇ ತಮ್ಮ ಕಸುಬನ್ನು ಇಟ್ಟುಕೊಂಡರು. ದಿನವೂ ಮುಟ್ಟುವ ವಸ್ತುವಾದ್ದರಿಂದ ಅದು ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಶಿಶುನಾಳ ಷರೀಫರು (1819-1889) ಸೋರುವ ಮಾಳಿಗೆಯ ಮೇಲೆ ಹಾಡು ಕಟ್ಟಿದರು. ಇಂದಿನ ಆರ್.ಸಿ.ಸಿ. ಮನೆಯಲ್ಲಿ ಬೆಳೆದ ಮಗುವಿಗೆ ಅದರ ಅರ್ಥ ಅರ್ಧ ಮಾತ್ರ ದಕ್ಕೀತು. ಆ ಸೀಮೆಯ ಮಣ್ಣಿನ ಮಾಳಿಗೆ ಒಮ್ಮೆ ಕಟ್ಟಿ ಮರೆಯುವಂಥದಲ್ಲ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ, ಮಣ್ಣು ಹಾಕಿ, ಬಿರುಕು ಮುಚ್ಚಬೇಕು. ಮಾಡದಿದ್ದರೆ ಮನೆ ಸೋರುತ್ತದೆ. ಮನಸ್ಸನ್ನು ಅಂಥ ಮನೆ ಎಂದು ಭಾವಿಸಿ ನೋಡಿ. ಸೋರುವಿಕೆ ಹಣೆಬರಹವಾಗಿ ಉಳಿಯುವುದಿಲ್ಲ, ದುರಸ್ತಿಯ ಕೆಲಸವಾಗುತ್ತದೆ.

ಹಾಗಾದರೆ ಡಿ.ವಿ.ಜಿ.ಯವರು ವಿಧಿಯನ್ನೇ ಗಾಡಿ ಹೊಡೆಯುವವನನ್ನಾಗಿ ಮಾಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ ಬದುಕನ್ನು ಜಟಕಾ ಗಾಡಿಗೆ ಹೋಲಿಸಿದ ಪದ್ಯ ಮನೆಮಾತಾಗಿದೆ. ಅದರಲ್ಲಿ ನಾವು ಕುದುರೆ. ಆದರೆ ಕಗ್ಗದಲ್ಲಿರುವುದು ಒಂದು ಪದ್ಯವಲ್ಲ, 945. ಅದೇ ಕೃತಿಯ ಇನ್ನೊಂದು ಪ್ರಸಿದ್ಧ ಪದ್ಯದಲ್ಲಿ ಹುಲ್ಲು, ಮಲ್ಲಿಗೆ, ಕಲ್ಲು, ಸಕ್ಕರೆಗಳ ಹೋಲಿಕೆ ಬರುತ್ತದೆ. ಅಲ್ಲಿ ಹೇಗೆ ಬಾಳಬೇಕು ಎಂಬುದು ನಮ್ಮ ಪಾಲಿನ ಕೆಲಸ. ದುಃಖದಲ್ಲಿರುವವನಿಗೆ ‘ಎಲ್ಲವೂ ನಿನ್ನ ತಪ್ಪಲ್ಲ’ ಎಂದು ಹೇಳಲು ಜಟಕಾ ಬೇಕು. ಸೋಮಾರಿಗೆ ಅದನ್ನು ಹೇಳಿದರೆ ಅವನು ಇನ್ನಷ್ಟು ಮಲಗುತ್ತಾನೆ. ಒಂದೇ ಉಪಮಾನದಲ್ಲಿ ಇಡೀ ಬದುಕನ್ನು ತುಂಬಲಾಗದೆಂದು ದೊಡ್ಡ ಕವಿಗೆ ಗೊತ್ತಿರುತ್ತದೆ. ಅದನ್ನು ಮರೆಯುವವರು ನಾವು.

ಕಾಲ ಬದಲಾದಂತೆ ವಸ್ತುಗಳು ಬದಲಾಗುತ್ತವೆ. ಜಟಕಾ ಬೀದಿಯಿಂದ ಮರೆಯಾಯಿತು, ನೊಗ ಎಷ್ಟೋ ಮನೆಗಳ ಅಟ್ಟ ಸೇರಿತು. ಅದಕ್ಕಾಗಿ ಹಳಹಳಿಸುತ್ತ ಕೂರಬೇಕಿಲ್ಲ. ನಮ್ಮ ಮಕ್ಕಳು ಮೊಬೈಲಿನ ಬ್ಯಾಟರಿಯನ್ನು ಉಪಮಾನ ಮಾಡಿಕೊಂಡರೆ ತಪ್ಪೇನು? ರೆಮ್ಮವ್ವೆಗೆ ರಾಟೆಯಿದ್ದಂತೆ ಅವರಿಗೆ ಅದು. ದಣಿದವನಿಗೆ ವಿಶ್ರಾಂತಿ ಬೇಕೆಂಬುದನ್ನು ಬ್ಯಾಟರಿ ಚೆನ್ನಾಗಿಯೇ ಹೇಳುತ್ತದೆ. ನನಗೆ ಭಯವಿರುವುದು ‘ಬದುಕು ಒಂದು ರೇಸು’ ಎಂಬ ಮಾತಿನ ಬಗ್ಗೆ. ರೇಸಿನಲ್ಲಿ ಗೆಲ್ಲುವವನು ಒಬ್ಬ, ಉಳಿದವರೆಲ್ಲ ಸೋತವರು. ಪಕ್ಕದಲ್ಲಿ ಓಡುವ ಗೆಳೆಯ ಅಲ್ಲಿ ಎದುರಾಳಿ. ಇದನ್ನು ಹತ್ತು ವರ್ಷದ ಮಗುವಿನ ಕಿವಿಗೆ ದಿನವೂ ಹಾಕುವ ಪೋಷಕರು, ಹಾಕುತ್ತಿರುವುದು ಒಂದು ಅಲಂಕಾರವನ್ನು ಎಂಬುದನ್ನಾದರೂ ನೆನಪಿಡಬೇಕು.

ಆದ್ದರಿಂದ ಮಕ್ಕಳೇ, ಬದುಕು ಇಂಥದರಂತೆ ಎಂದು ಯಾರೇ ಹೇಳಲಿ, ನಾನೇ ಹೇಳಲಿ, ಮೂರು ಪ್ರಶ್ನೆ ಕೇಳಿ. ಈ ಹೋಲಿಕೆಯಲ್ಲಿ ನಾನು ಯಾರು? ನನ್ನ ಕೈಯಲ್ಲಿ ಇರುವುದು ಏನು? ಎಡವಿದರೆ ಮತ್ತೆ ಏಳಲು ಇದರಲ್ಲಿ ಜಾಗ ಉಂಟೇ? ಉತ್ತರ ಸರಿಬಾರದಿದ್ದರೆ ಆ ಹೋಲಿಕೆಯನ್ನು ಗೌರವದಿಂದ ಪಕ್ಕಕ್ಕಿಟ್ಟು ಬೇರೊಂದನ್ನು ಹುಡುಕಿ.

ಹುಡುಕಲು ದೂರ ಹೋಗಬೇಡಿ. ಇಂದು ಸಂಜೆ ಮನೆಗೆ ಹೋಗಿ ನಿಮ್ಮ ತಾಯಿ ತಂದೆ ದಿನವೂ ಕೈಯಲ್ಲಿ ಹಿಡಿಯುವ ಸಾಮಾನು ಯಾವುದೆಂದು ನೋಡಿ. ಮೊರವೋ, ತಕ್ಕಡಿಯೋ, ಹೊಲಿಗೆ ಯಂತ್ರವೋ, ಆಟೋದ ಹ್ಯಾಂಡಲ್ಲೋ, ಅದರಿಂದ ಒಂದು ಹೋಲಿಕೆ ಕಟ್ಟಿ, ನಾಳೆ ನಿಮ್ಮ ಮೇಷ್ಟ್ರಿಗೆ ತೋರಿಸಿ. ಅದಕ್ಕೆ ಮಾತ್ರ ದಯವಿಟ್ಟು ಅಂಕ ಹಾಕಬೇಡಿ ಎಂದು ಮೇಷ್ಟ್ರಲ್ಲಿ ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.