ಮೊದಲು ನೀರು, ಆಮೇಲೆ ಮೀನು: ಉಪ್ಪುನೀರಿನ ಅಕ್ವೇರಿಯಂನ ಮೊದಲ ಎರಡು ತಿಂಗಳು

ಇವತ್ತಿನ ಮಾತು ಉಪ್ಪುನೀರಿನ ಅಕ್ವೇರಿಯಂ ಬಗ್ಗೆ, ಅಂದ್ರೆ ಮನೆಯೊಳಗೆ ಸಮುದ್ರದ ಮೀನು ಸಾಕೋದರ ಬಗ್ಗೆ.

ಪುಣೆ, ಹೈದರಾಬಾದ್, ಚೆನ್ನೈ ಅಂತ ಕೆಲಸಕ್ಕೆ ಬಂದ ನಮ್ಮಲ್ಲಿ ತುಂಬಾ ಜನ ಮನೆಯಲ್ಲಿ ನಾಯಿ ಸಾಕೋಕೆ ಆಗಲ್ಲ. ಬಾಡಿಗೆ ಮನೆ, ಓನರ್ ಒಪ್ಪಲ್ಲ, ದಿನಕ್ಕೆ ಹತ್ತು ಗಂಟೆ ಮನೇಲಿ ಯಾರೂ ಇರಲ್ಲ. ಹಾಗಾಗಿ ಮೀನು. ಮಗು ಬೇರೆ ‘ನೀಮೋ ಬೇಕು’ ಅಂತ ಹಟ ಹಿಡಿದಿರುತ್ತೆ. ಶನಿವಾರ ಟ್ಯಾಂಕು ಬರುತ್ತೆ, ಭಾನುವಾರ ಮೀನು ಬರುತ್ತೆ. ಮುಂದಿನ ಭಾನುವಾರ ಮೀನು ಇರಲ್ಲ. ‘ಉಪ್ಪುನೀರು ನಮ್ಮಂಥವರಿಗಲ್ಲ’ ಅಂತ ಗಾಜಿನ ಪೆಟ್ಟಿಗೆ ಬಾಲ್ಕನಿ ಸೇರುತ್ತೆ.

ಇಲ್ಲಿ ಬರೀ ದುಡ್ಡಿನ ಪ್ರಶ್ನೆ ಇಲ್ಲ. ಸಿಹಿನೀರಿನ ಗಪ್ಪಿ, ಗೋಲ್ಡ್‌ಫಿಶ್ ಹೆಚ್ಚಾಗಿ ಫಾರಂನಲ್ಲಿ ಹುಟ್ಟಿದವು. ಸಮುದ್ರದ ಅಲಂಕಾರಿಕ ಮೀನಿನ ಬಹುಪಾಲು ಜಾತಿಗಳು ಇವತ್ತಿಗೂ ಹವಳದ ದಿಬ್ಬದಿಂದ ಹಿಡಿದು ತಂದವು. ಚೆನ್ನಾಗಿ ನೋಡ್ಕೊಂಡ್ರೆ ಒಂದು ಕ್ಲೌನ್‌ಫಿಶ್ ಹತ್ತು ವರ್ಷ ದಾಟಿ ಬದುಕುತ್ತೆ. ಅದನ್ನ ಒಂದೇ ವಾರದಲ್ಲಿ ಕಳ್ಕೊಳ್ಳೋದಕ್ಕೆ ಕಾರಣ ದುರದೃಷ್ಟ ಅಲ್ಲ, ಆತುರ.

ನೀರು ‘ತಯಾರಾಗೋದು’ ಅಂದ್ರೇನು?

ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತೆ. ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಬರುತ್ತೆ. ಸಮುದ್ರದಲ್ಲಿ ಅದು ಲೆಕ್ಕಕ್ಕೇ ಇಲ್ಲ, ನೀರು ಅಷ್ಟಿದೆ. ನಮ್ಮ 100 ಲೀಟರ್ ಟ್ಯಾಂಕಿನಲ್ಲಿ ಅದೇ ವಿಷ.

ಇದನ್ನ ತಿನ್ನೋ ಸೂಕ್ಷ್ಮಜೀವಿಗಳಿವೆ. ಒಂದು ಗುಂಪು ಅಮೋನಿಯಾವನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಅಷ್ಟು ಅಪಾಯಕಾರಿ ಅಲ್ಲ, ನೀರು ಬದಲಾಯಿಸಿ ಕಡಿಮೆ ಮಾಡಬಹುದು. ಈ ಎರಡೂ ಗುಂಪು ಬೆಳೆದು ನಿಲ್ಲೋದಕ್ಕೆ ‘ಸೈಕ್ಲಿಂಗ್’ ಅಂತಾರೆ. ಒಂದು ಕುತೂಹಲದ ವಿಷಯ: ಅಮೋನಿಯಾ ತಿನ್ನೋ ಕೆಲಸ ಬ್ಯಾಕ್ಟೀರಿಯಾದ್ದು ಮಾತ್ರ ಅಂತ ತುಂಬಾ ಕಾಲ ನಂಬಿದ್ರು. 2005ರಲ್ಲಿ ಆರ್ಕಿಯಾ ಅನ್ನೋ ಬೇರೆಯದೇ ಗುಂಪಿನ ಜೀವಿಯೊಂದು ಅದೇ ಕೆಲಸ ಮಾಡುತ್ತೆ ಅಂತ ಗೊತ್ತಾಯ್ತು. ಅದು ಸಿಕ್ಕಿದ್ದು ಎಲ್ಲಿ ಗೊತ್ತಾ? ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಒಂದು ಉಪ್ಪುನೀರಿನ ಟ್ಯಾಂಕಿನ ಜಲ್ಲಿಕಲ್ಲಿನಲ್ಲಿ!

ಇನ್ನೊಂದು ಮುಖ್ಯ ವಿಷಯ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತೆ. ಅಮೋನಿಯಂ ಅಷ್ಟು ತೊಂದರೆ ಕೊಡಲ್ಲ, ಅಮೋನಿಯಾ ಕೊಲ್ಲುತ್ತೆ. ಪಿಹೆಚ್ ಏರಿದಷ್ಟೂ ಕೊಲ್ಲೋ ಪಾಲು ಹೆಚ್ಚು. ಸಿಹಿನೀರಿನ ಟ್ಯಾಂಕಿನ ಪಿಹೆಚ್ 7ರ ಆಸುಪಾಸು, ಸಮುದ್ರದ ನೀರಿನದ್ದು 8.1ರಿಂದ 8.4. ಅಂದ್ರೆ ಟೆಸ್ಟ್ ಕಿಟ್ ಎರಡೂ ಕಡೆ ಒಂದೇ ನಂಬರ್ ತೋರಿಸಿದ್ರೂ ಇಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟು. ‘ನನ್ನ ಗೋಲ್ಡ್‌ಫಿಶ್ ಮೊದಲ ದಿನದಿಂದಲೂ ಆರಾಮಾಗಿತ್ತು’ ಅನ್ನೋ ಅನುಭವ ಇಲ್ಲಿ ಕೆಲಸಕ್ಕೆ ಬರಲ್ಲ.

ಯಾವ ನೀರು, ಯಾವ ಉಪ್ಪು, ಯಾವ ಕಲ್ಲು

ನಲ್ಲಿ ನೀರಲ್ಲಿ ಕ್ಲೋರಿನ್, ಬೋರ್‌ವೆಲ್ ನೀರಲ್ಲಿ ಗಡಸುತನ, ನೈಟ್ರೇಟ್, ಇನ್ನೂ ಏನೇನೋ. ಆರ್‌ಒ ನೀರೇ ಬೇಕು, ಅದರ ಮುಂದೆ ಡಿಐ ಅನ್ನೋ ರಾಳದ ಫಿಲ್ಟರ್ ಇದ್ದು ಟಿಡಿಎಸ್ 0 ಬಂದ್ರೆ ಇನ್ನೂ ಒಳ್ಳೇದು. ಇಲ್ಲೊಂದು ತೊಡಕಿದೆ. ಮನೆಯ ಕುಡಿಯೋ ನೀರಿನ ಆರ್‌ಒಗಳಲ್ಲಿ ರುಚಿಗೋಸ್ಕರ ಸ್ವಲ್ಪ ಹಸಿ ನೀರನ್ನ ವಾಪಸ್ ಬೆರೆಸೋ ವ್ಯವಸ್ಥೆ, ಇಲ್ಲಾ ಮಿನರಲ್ ಸೇರಿಸೋ ಕಾರ್ಟ್ರಿಡ್ಜ್ ಇರುತ್ತೆ. ನಮಗೆ ಬೇಕಾದ್ದು ಅದಕ್ಕಿಂತ ಮೊದಲಿನ ನೀರು. 300 ರೂಪಾಯಿ ಆಸುಪಾಸಿನ ಟಿಡಿಎಸ್ ಮೀಟರ್ ಇದ್ದರೆ ತಕ್ಷಣ ಗೊತ್ತಾಗುತ್ತೆ.

ಉಪ್ಪು ಅಂದ್ರೆ ಅಡುಗೆ ಉಪ್ಪಲ್ಲ. ಸಮುದ್ರದ ನೀರಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಎಲ್ಲ ಇದೆ. ಅಕ್ವೇರಿಯಂ ಸಾಲ್ಟ್ ಮಿಕ್ಸ್ ತಗೊಳ್ಳಿ, ಬ್ರ್ಯಾಂಡ್ ನೋಡ್ಕೊಂಡು ಲೀಟರಿಗೆ 35ರಿಂದ 40 ಗ್ರಾಂ. ಬಕೆಟ್ಟಿನಲ್ಲಿ ಪಂಪ್ ಹಾಕಿ ಪೂರ್ತಿ ಕರಗಿಸಿ ಆಮೇಲೆ ಟ್ಯಾಂಕಿಗೆ. ಸಾಂದ್ರತೆ 1.025 ಆಸುಪಾಸು ಇರಲಿ. ಅಳೆಯೋ ರಿಫ್ರಾಕ್ಟೋಮೀಟರನ್ನ ಬರೀ ನೀರಿನಲ್ಲಿ ಸೊನ್ನೆ ಮಾಡಿ ಬಿಡಬೇಡಿ, 35 ಪಿಪಿಟಿ ದ್ರಾವಣದಲ್ಲಿ ಪರೀಕ್ಷೆ ಮಾಡಿ.

ಕಲ್ಲಿನ ವಿಷಯದಲ್ಲಿ ಕಾನೂನೂ ಇದೆ. ಮುರ್ಡೇಶ್ವರಕ್ಕೋ ರಾಮೇಶ್ವರಕ್ಕೋ ಹೋದಾಗ ದಡದಲ್ಲಿ ಹವಳದ ತುಂಡು ಸಿಕ್ತು ಅಂತ ತರಬೇಡಿ. ದಿಬ್ಬ ಕಟ್ಟೋ ಹವಳಗಳು, ಸಮುದ್ರ ಬೀಸಣಿಗೆಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಅಂದ್ರೆ ಹುಲಿಗೆ ಇರೋ ರಕ್ಷಣೆ. ಸೆರಾಮಿಕ್‌ನದ್ದೋ ಸಿಮೆಂಟಿನದ್ದೋ ತಯಾರಿಸಿದ ಕಲ್ಲು ಸಾಕು. ಸೂಕ್ಷ್ಮಜೀವಿಗೆ ಬೇಕಾಗಿರೋದು ರಂಧ್ರಗಳಿರೋ ಮೇಲ್ಮೈ, ಅಷ್ಟೇ.

ಹೆಪ್ಪು ಹಾಕಿ ಕಾಯೋದು

ನೀರು, ಮರಳು, ಕಲ್ಲು, ಪಂಪ್, ಹೀಟರ್ ಎಲ್ಲ ಸಿದ್ಧ. ಮೀನು ಹಾಕಬೇಡಿ. ಹಳೇ ಕಾಲದಲ್ಲಿ ಒಂದೆರಡು ಗಟ್ಟಿ ಡ್ಯಾಮ್ಸೆಲ್ ಮೀನು ಬಿಟ್ಟು ಸೈಕಲ್ ಮಾಡ್ತಿದ್ರು. ಅದು ಮೀನಿಗೆ ಹಿಂಸೆ, ಮತ್ತೆ ಬದುಕಿ ಉಳಿದ ಡ್ಯಾಮ್ಸೆಲ್ ಆಮೇಲೆ ಬರೋ ಎಲ್ಲ ಮೀನನ್ನೂ ಕಚ್ಚಿ ಓಡಿಸುತ್ತೆ.

ಮೀನಿಲ್ಲದೆ ಅಮೋನಿಯಾ ನಾವೇ ಕೊಡಬಹುದು. ಶುದ್ಧ ಅಮೋನಿಯಂ ಕ್ಲೋರೈಡ್, 100 ಲೀಟರಿಗೆ ಸುಮಾರು 0.6 ಗ್ರಾಂ ಹಾಕಿದ್ರೆ 2 ಪಿಪಿಎಂ ಬರುತ್ತೆ. ನೆಲ ಒರೆಸೋ ಅಮೋನಿಯಾ ಬೇಡ, ಅದರಲ್ಲಿ ಸೋಪು, ಸುವಾಸನೆ ಇರುತ್ತೆ. ಜೊತೆಗೆ ಬಾಟಲಿಯಲ್ಲಿ ಬರೋ ಬ್ಯಾಕ್ಟೀರಿಯಾ ಹಾಕಬಹುದು. ಅದನ್ನ ಹೆಪ್ಪು ಅಂದ್ಕೊಳ್ಳಿ. ಹೆಪ್ಪು ಹಾಕಿದ ತಕ್ಷಣ ಹಾಲು ಮೊಸರಾಗಲ್ಲ ಅಲ್ವಾ? ದೆಹಲಿಯಲ್ಲಿರೋರಿಗೆ ಜನವರಿಯಲ್ಲಿ ದೋಸೆ ಹಿಟ್ಟು ಹುದುಗಲ್ಲ ಅಂತ ಹೇಳಿಕೊಡಬೇಕಾಗಿಲ್ಲ. ಇದೂ ಹಾಗೇ. ನೀರು 25–26 ಡಿಗ್ರಿ ಇರಬೇಕು, ಆಮ್ಲಜನಕ ಚೆನ್ನಾಗಿ ಸಿಗಬೇಕು. ಲೈಟ್ ಬೇಡ, ಹಾಕಿದ್ರೆ ಪಾಚಿ ಬೆಳೆಯುತ್ತೆ.

ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಮಾಡಿ, ನೋಟ್‌ಬುಕ್ಕಲ್ಲೋ ಎಕ್ಸೆಲ್‌ನಲ್ಲೋ ಬರೀರಿ. ಮೊದಲು ಅಮೋನಿಯಾ ಇಳಿಯುತ್ತೆ, ನೈಟ್ರೈಟ್ ಏರುತ್ತೆ. ಆಮೇಲೆ ನೈಟ್ರೈಟ್ ತುಂಬಾ ದಿನ ಅಲ್ಲಾಡದೆ ನಿಲ್ಲುತ್ತೆ. ಜನ ತಾಳ್ಮೆ ಕಳ್ಕೊಳ್ಳೋದು ಇಲ್ಲೇ. ಎರಡನೇ ಗುಂಪು ನಿಧಾನ, ಕಾಯಬೇಕು ಅಷ್ಟೇ. ನೈಟ್ರೈಟ್ ಹೆಚ್ಚಿದ್ದಾಗ ನೈಟ್ರೇಟ್ ಕಿಟ್ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ಹಾಗಾಗಿ ಆ ನಂಬರ್ ನೋಡಿ ಹೆದರಬೇಡಿ.

ಮುಗೀತು ಅಂತ ಹೇಳೋದು ಕ್ಯಾಲೆಂಡರ್ ಅಲ್ಲ, ಟೆಸ್ಟ್. 2 ಪಿಪಿಎಂ ಅಮೋನಿಯಾ ಹಾಕಿ, 24 ಗಂಟೆ ಬಿಟ್ಟು ನೋಡಿದಾಗ ಅಮೋನಿಯಾನೂ 0, ನೈಟ್ರೈಟೂ 0 ಇದ್ರೆ ಟ್ಯಾಂಕು ಸಿದ್ಧ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಆಮೇಲೆ ದೊಡ್ಡದಾಗಿ ಒಂದು ಸಲ ನೀರು ಬದಲಾಯಿಸಿ ನೈಟ್ರೇಟ್ ಇಳಿಸಿ. ಈ ಹೊತ್ತಿಗೆ ಮರಳಿನ ಮೇಲೆ ಕಂದು ಪುಡಿ ಬಂದ್ರೆ ಗಾಬರಿ ಬೇಡ, ಅದು ಡಯಾಟಮ್, ಹೊಸ ಟ್ಯಾಂಕಿನಲ್ಲಿ ಬಂದು ತಾನಾಗೇ ಹೋಗುತ್ತೆ. ಫಿಲ್ಟರ್ ಸ್ಪಂಜನ್ನ ಮಾತ್ರ ಯಾವತ್ತೂ ನಲ್ಲಿ ನೀರಲ್ಲಿ ತೊಳೀಬೇಡಿ. ನೀವು ಆರು ವಾರ ಕಾದು ಬೆಳೆಸಿದ್ದು ಅದರೊಳಗಿದೆ.

ಮೊದಲ ಮೀನು

ಫಾರಂನಲ್ಲಿ ಹುಟ್ಟಿದ ಆಸೆಲಾರಿಸ್ ಕ್ಲೌನ್‌ಫಿಶ್ ಕೇಳಿ ತಗೊಳ್ಳಿ. ಕ್ಲೌನ್‌ಫಿಶ್ ಮರಿ ಮಾಡಿಸೋ ತಂತ್ರಜ್ಞಾನವನ್ನ ನಮ್ಮ ದೇಶದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿ ಮಾಡಿದೆ. ಫಾರಂ ಮೀನು ಒಣ ಆಹಾರ ತಿನ್ನೋದು ಕಲಿತಿರುತ್ತೆ, ಟ್ಯಾಂಕಿಗೆ ಒಗ್ಗಿರುತ್ತೆ. ಜೋಡಿ ಬೇಕಿದ್ರೆ ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಕ್ಲೌನ್‌ಫಿಶ್ ಎಲ್ಲ ಗಂಡಾಗೇ ಬೆಳೆಯುತ್ವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತೆ. ಅನಿಮೋನ್ ಈಗ ಬೇಡ. ಅದಕ್ಕೆ ಹಳೇ ಟ್ಯಾಂಕು, ಒಳ್ಳೇ ಬೆಳಕು ಬೇಕು. ಅದಿಲ್ಲದೆಯೂ ಕ್ಲೌನ್‌ಫಿಶ್ ಚೆನ್ನಾಗಿರುತ್ತೆ.

ಅಂಗಡಿಯಲ್ಲಿ ‘ತಿನ್ನೋದು ತೋರಿಸಿ’ ಅಂತ ಕೇಳಿ. ತಿನ್ನದ ಮೀನು ತರಬೇಡಿ.

ಲೋಕಲ್ ಅಂಗಡಿಯದಾದ್ರೆ ಚೀಲವನ್ನ 15–20 ನಿಮಿಷ ತೇಲಿಬಿಟ್ಟು ತಾಪಮಾನ ಸಮ ಮಾಡಿ, ಉಪ್ಪಿನ ಅಂಶ ಅಳೆದು ನಿಧಾನವಾಗಿ ಸರಿಹೊಂದಿಸಿ. ಆದ್ರೆ ಬೇರೆ ಊರಿಂದ ಒಂದು ದಿನ ಪ್ರಯಾಣ ಮಾಡಿ ಬಂದ ಚೀಲದ ವಿಷಯ ಬೇರೆ. ಅದರಲ್ಲಿ ಅಮೋನಿಯಾ ಕೂಡಿರುತ್ತೆ. ಕಾರ್ಬನ್ ಡೈಆಕ್ಸೈಡ್‌ನಿಂದ ಪಿಹೆಚ್ ಇಳಿದಿರೋದ್ರಿಂದ ಮೀನು ಬದುಕಿರುತ್ತೆ. ಚೀಲ ಬಿಚ್ಚಿದ್ರೆ ಪಿಹೆಚ್ ಏರುತ್ತೆ, ಅದೇ ಅಮೋನಿಯಾ ವಿಷ ಆಗುತ್ತೆ. ಅದಕ್ಕೆ ಚೀಲದ ಉಪ್ಪಿನ ಅಂಶ ಎಷ್ಟು ಅಂತ ಮೊದಲೇ ಕೇಳಿ ಸ್ವೀಕರಿಸೋ ನೀರನ್ನ ಅದಕ್ಕೆ ಹೊಂದಿಸಿ. ಆಮೇಲೆ ಬಿಚ್ಚಿ, ತಡ ಮಾಡದೆ ಮೀನನ್ನ ಸಾಗಿಸಿ. ಚೀಲದ ನೀರು ಟ್ಯಾಂಕಿಗೆ ಬೇಡ.

ನಾಲ್ಕು ವಾರದ ಸ್ಟೇಜಿಂಗ್

ನಮ್ಮ ಕೆಲಸದಲ್ಲಿ ಯಾರಾದ್ರೂ ಕೋಡನ್ನ ನೇರ ಪ್ರೊಡಕ್ಷನ್‌ಗೆ ಹಾಕ್ತಾರಾ? ಮೀನನ್ನೂ ಹಾಕಬಾರದು. 40 ಲೀಟರಿನ ಒಂದು ಸಾದಾ ಪೆಟ್ಟಿಗೆ, ಹೀಟರ್, ದೊಡ್ಡ ಟ್ಯಾಂಕಿನಲ್ಲಿ ಪಳಗಿದ ಸ್ಪಂಜ್ ಫಿಲ್ಟರ್, ಅಡಗೋಕೆ ಪಿವಿಸಿ ಪೈಪಿನ ತುಂಡು. ಮರಳು, ಕಲ್ಲು ಬೇಡ, ಔಷಧಿಯ ತಾಮ್ರವನ್ನ ಅವು ಹೀರ್ಕೊಳ್ಳುತ್ವೆ. ಇದರಲ್ಲಿ ನಾಲ್ಕು ವಾರ ಮೀನು ಇರಲಿ.

ಯಾಕೆ ಇಷ್ಟು? ಬಿಳಿ ಚುಕ್ಕೆ ರೋಗ ಅಂದ್ರೆ ಕ್ರಿಪ್ಟೋಕ್ಯಾರಿಯಾನ್ ಅನ್ನೋ ಪರಾವಲಂಬಿ. ಉಪ್ಪಿನ ಕಾಳು ಉದುರಿಸಿದ ಹಾಗೆ ಚುಕ್ಕೆ ಬರುತ್ತೆ, ನಾಲ್ಕಾರು ದಿನಕ್ಕೆ ಮಾಯವಾಗುತ್ತೆ. ‘ವಾಸಿಯಾಯ್ತು’ ಅಂದ್ಕೊಳ್ತೀವಿ. ವಾಸಿಯಾಗಿಲ್ಲ. ಅದು ಮೀನು ಬಿಟ್ಟು ತಳಕ್ಕಿಳಿದು, ಕೋಶ ಕಟ್ಕೊಂಡು, ಒಂದು ನೂರಾಗಿ ವಾಪಸ್ ಬರುತ್ತೆ. ದೊಡ್ಡ ಟ್ಯಾಂಕಿಗೆ ಒಮ್ಮೆ ಹೊಕ್ಕರೆ ಎಲ್ಲ ಮೀನನ್ನೂ ಹೊರತೆಗೆದು ಟ್ಯಾಂಕನ್ನ ಖಾಲಿ ಬಿಡಬೇಕು. ಹವ್ಯಾಸಿಗಳು ಸಾಮಾನ್ಯವಾಗಿ ಹಿಡಿಯೋ ಲೆಕ್ಕ 76 ದಿನ. ನಾಲ್ಕು ವಾರವಾ, 76 ದಿನವಾ, ನೀವೇ ಆರಿಸಿ.

ವೆಲ್ವೆಟ್ ಇನ್ನೂ ವೇಗ. ಚಿನ್ನದ ಧೂಳಿನಂಥ ಲೇಪ, ಜೋರು ಉಸಿರಾಟ, ಪಂಪಿನ ಹರಿವಿನೆದುರು ನಿಲ್ಲೋದು. ಎರಡು ದಿನದಲ್ಲೇ ಕೊಲ್ಲಬಹುದು. ಕ್ಲೌನ್‌ಫಿಶ್‌ಗೆ ಬರೋ ಮೂರನೆಯದು ಬ್ರೂಕ್ಲಿನೆಲ್ಲಾ, ಮೈ ತುಂಬಾ ಲೋಳೆ, ಚರ್ಮ ಸುಲಿದ ಹಾಗೆ. ಬಿಳಿ ಚುಕ್ಕೆ, ವೆಲ್ವೆಟ್‌ಗೆ ತಾಮ್ರದ ಔಷಧಿ ಕೆಲಸ ಮಾಡುತ್ತೆ, ಬ್ರೂಕ್ಲಿನೆಲ್ಲಾಗೆ ಮಾಡಲ್ಲ, ಅದಕ್ಕೆ ಫಾರ್ಮಲಿನ್ ಬಳಸ್ತಾರೆ. ಅಂದ್ರೆ ರೋಗ ಗುರುತಿಸದೆ ಔಷಧಿ ಸುರೀಬೇಡಿ. ತಾಮ್ರದ ಮಟ್ಟವನ್ನ ಕಿಟ್‌ನಲ್ಲಿ ಅಳೀತಾ ಇರಿ. ದೊಡ್ಡ ಟ್ಯಾಂಕಿಗಂತೂ ತಾಮ್ರ ಬೇಡವೇ ಬೇಡ, ಸೀಗಡಿ, ಬಸವನಹುಳು ಉಳಿಯಲ್ಲ.

ದಿನದ ಅಭ್ಯಾಸ

ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. 100 ಲೀಟರಿನಲ್ಲಿ 5 ಲೀಟರ್ ಹೋದ್ರೆ 35 ಪಿಪಿಟಿ ಇದ್ದದ್ದು 37ರ ಹತ್ತಿರ ಬರುತ್ತೆ. ಹಾಗಾಗಿ ದಿನಾ ತುಂಬಿಸೋದು ಬರೀ ಆರ್‌ಒ ನೀರು, ಉಪ್ಪುನೀರಲ್ಲ. ಸಮುದ್ರದ ಮೀನಿನ ಮೈಯಿಂದ ನೀರು ಸದಾ ಹೊರಗೆ ಸೋರ್ತಾ ಇರುತ್ತೆ, ಅದಕ್ಕೇ ಅದು ಉಪ್ಪುನೀರು ಕುಡಿದು, ಉಪ್ಪನ್ನ ಹೊರಹಾಕ್ತಾ ಬದುಕುತ್ತೆ. ಉಪ್ಪಿನ ಏರುಪೇರು ಅದರ ಮೇಲೆ ನೇರ ಹೊರೆ.

ಚೆನ್ನೈ ಮೇ ತಿಂಗಳು, ದೆಹಲಿ ಜೂನ್ ಯೋಚನೆ ಮಾಡಿಯೇ ಟ್ಯಾಂಕು ತಗೊಳ್ಳಿ. ನೀರಿನ ಮೇಲೆ ಫ್ಯಾನ್ ಬೀಸಿದ್ರೆ ಒಂದೆರಡು ಡಿಗ್ರಿ ಇಳಿಯುತ್ತೆ, ಕಡಲೂರಿನ ಸೆಕೆಯಲ್ಲಿ ಅದೂ ಕಡಿಮೆ. ಅದಕ್ಕಿಂತ ಹೆಚ್ಚು ಬೇಕಿದ್ರೆ ಚಿಲ್ಲರ್. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಉಪ್ಪುನೀರಲ್ಲಿ ಇನ್ನೂ ಕಡಿಮೆ. ಕರೆಂಟ್ ಹೋದಾಗ ಮೀನು ಮೊದಲು ಸಾಯೋದು ಉಸಿರುಗಟ್ಟಿ. ನಿಮ್ಮ ವೈಫೈಗೆ ಇರೋ ಇನ್ವರ್ಟರಿಗೆ ಒಂದು ಪಂಪ್ ಜೋಡಿಸಿ, ಬ್ಯಾಟರಿ ಏರ್‌ಪಂಪ್ ಒಂದು ಪಕ್ಕದಲ್ಲಿರಲಿ.

ಊಟ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯೋಷ್ಟು. ದಸರಾಕ್ಕೆ ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಡಬೇಡಿ, ಪ್ರೀತಿಯಿಂದ ಒಂದು ವಾರದ್ದನ್ನ ಒಂದೇ ದಿನ ಹಾಕ್ತಾರೆ. ಒಂದೊಂದು ದಿನದ್ದು ಪೊಟ್ಟಣ ಕಟ್ಟಿ ದಿನಾಂಕ ಬರೆದು ಕೊಡಿ. ವಾರಕ್ಕೆ ಹತ್ತರಲ್ಲೊಂದು ಭಾಗ ನೀರು ಬದಲಾಯಿಸಿ. ಎರಡನೇ ಬಗೆಯ ಮೀನು ತರೋಕೆ ಇನ್ನೊಂದು ತಿಂಗಳು ತಡೀರಿ, ಸೂಕ್ಷ್ಮಜೀವಿಗಳ ಸಂಖ್ಯೆ ಹೊಸ ಹೊರೆಗೆ ಹೊಂದ್ಕೋಬೇಕು.

ಮಗು ‘ಮೀನು ಯಾವಾಗ?’ ಅಂತ ದಿನಾ ಕೇಳುತ್ತೆ. ಟೆಸ್ಟ್ ಟ್ಯೂಬ್ ಅದರ ಕೈಗೇ ಕೊಡಿ. ಹಸಿರು ಬಣ್ಣ ಹಳದಿಗೆ ಬಂದು ಅಮೋನಿಯಾ ಸೊನ್ನೆ ಆಗೋದನ್ನ ಅದೇ ನೋಡಲಿ, ಅದೇ ಬರೆದಿಡಲಿ. ಆರು ವಾರ ಖಾಲಿ ನೀರು ನೋಡಿದ ಮಗುವಿಗೆ, ಮೀನು ಬದುಕೋದು ಮೀನಿನ ಮೇಲೆ ಅಲ್ಲ, ನೀರಿನ ಮೇಲೆ ನಿಂತಿದೆ ಅಂತ ಯಾರೂ ಬೇರೆ ಹೇಳಬೇಕಾಗಲ್ಲ.