ನಲ್ಲಿಯ ನೀರು ಹಿಂದಕ್ಕೆ ಹರಿದಾಗ



ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ಕಾವೇರಿ ನೀರು ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಿಗೆ ಬರುತ್ತದೆ. ಅಷ್ಟು ದೂರ ಕೆಡದೆ ಬಂದ ನೀರು ನಮ್ಮ ಬೀದಿಯಲ್ಲೇ ಕೆಡಬಹುದು. ಕೆಡಿಸುವವರು ನಾವೇ ಆಗಿರಬಹುದು.

ಹೇಗೆಂದು ಕೇಳುತ್ತೀರಾ? ನಮ್ಮ ಅನೇಕ ಬೀದಿಗಳಿಗೆ ನೀರು ದಿನವಿಡೀ ಬರುವುದಿಲ್ಲ. ವಾಲ್ವ್‌ ಮುಚ್ಚಿದ ಮೇಲೆ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. ಉಳಿದ ನೀರು ತಗ್ಗಿನ ಕಡೆಗೆ ಜಾರುವಾಗ ಹಿಂದಿರುವುದನ್ನು ಎಳೆದುಕೊಳ್ಳುತ್ತದೆ. ಕ್ಯಾನಿನಿಂದ ಟ್ಯೂಬ್ ಮೂಲಕ ಸೀಮೆಎಣ್ಣೆ ಇಳಿಸಿದ ಹಾಗೆಯೇ ಇದು. ಆಗ ನಿಮ್ಮ ನಲ್ಲಿಯ ಹೋಸ್ ಪೈಪು ಬಟ್ಟೆ ನೆನೆಸಿದ ಬಕೆಟ್‌ನಲ್ಲಿ ಮುಳುಗಿದ್ದರೆ, ಆ ಕೊಳೆನೀರು ಬೀದಿಯ ಪೈಪಿಗೆ ಸೇರಬಹುದು. ಮರುದಿನ ಅದನ್ನು ಕುಡಿಯುವುದು ಪಕ್ಕದ ಮನೆಯ ಮಗು.

ಇನ್ನೂ ಅಪಾಯಕಾರಿಯಾದದ್ದು ಬೀದಿಯ ಪೈಪಿಗೆ ನೇರವಾಗಿ ಮೋಟಾರ್ ಹಾಕುವುದು. ಅದು ನೆರೆಯವರ ಪಾಲಿನ ನೀರನ್ನು ಎಳೆಯುತ್ತದೆ. ಪೈಪಿನಲ್ಲಿ ಬಿರುಕಿದ್ದು, ಪಕ್ಕದಲ್ಲಿ ಒಳಚರಂಡಿ ಸೋರುತ್ತಿದ್ದರೆ ಆ ಹೊಲಸನ್ನೂ ಎಳೆಯುತ್ತದೆ.

1933ರಲ್ಲಿ ಅಮೆರಿಕದ ಶಿಕಾಗೋದಲ್ಲಿ ವಿಶ್ವ ವಸ್ತುಪ್ರದರ್ಶನ ನಡೆಯಿತು. ಆಗ ಎರಡು ಹೋಟೆಲುಗಳ ದೋಷಪೂರಿತ ಪೈಪುಗಳಿಂದ ಮಲಿನ ನೀರು ಕುಡಿಯುವ ನೀರಿಗೆ ಬೆರೆತು ಸುಮಾರು 1,400 ಮಂದಿಗೆ ಆಮಶಂಕೆ ತಗುಲಿತು. 98 ಜನ ಸತ್ತರು. ಊರಿಗೆ ಮರಳಿದ ಮೇಲೆ ಕಾಯಿಲೆ ಬಿದ್ದವರೇ ಅನೇಕರು. ಆದ್ದರಿಂದ ಕಾರಣ ತಿಳಿಯುವುದೂ ತಡವಾಯಿತು.

ನಾವು ಮಾಡಬೇಕಾದ ಕೆಲಸಗಳು ಸುಲಭವಾದವು:

1. ಹೋಸ್ ಪೈಪಿನ ತುದಿಯನ್ನು ಬಕೆಟ್, ಡ್ರಮ್ಮುಗಳಲ್ಲಿ ಮುಳುಗಿಸಬೇಡಿ.

2. ಸಂಪಿಗೆ ನೀರು ಬೀಳುವ ಪೈಪಿನ ಬಾಯಿ, ಸಂಪು ಪೂರ್ತಿ ತುಂಬಿದಾಗಿನ ನೀರಿನ ಮಟ್ಟಕ್ಕಿಂತ ಮೇಲಿರಲಿ. ಅಂತರ ಪೈಪಿನ ಅಗಲದ ಎರಡರಷ್ಟಾದರೂ ಬೇಕು. ಅರ್ಧ ಇಂಚಿನ ಪೈಪಿಗೆ ಕನಿಷ್ಠ 1 ಇಂಚು. ಗಾಳಿಯ ಈ ಅಂತರವನ್ನು ದಾಟಿ ನೀರು ಹಿಂದಕ್ಕೆ ಹೋಗಲಾರದು. ಮಸೀದಿಯ ವುಝೂ ಹೌಝ್‌ಗೂ ಇದೇ ನಿಯಮ.

3. ಬೋರ್‌ವೆಲ್ ಪೈಪನ್ನು ಕಾವೇರಿ ಪೈಪಿಗೆ ನೇರವಾಗಿ ಜೋಡಿಸಬೇಡಿ. ಮೋಟಾರ್ ಸಂಪಿನಿಂದ ಮಾತ್ರ ನೀರೆತ್ತಲಿ.

4. ನೀರಿನ ಬಣ್ಣ, ವಾಸನೆ ಬದಲಾದರೆ ಕುಡಿಯುವುದನ್ನು ನಿಲ್ಲಿಸಿ, ಜಲಮಂಡಳಿಯ 1916ಕ್ಕೆ ದೂರು ಕೊಡಿ. ಅನುಮಾನವಿದ್ದಾಗ ನೀರು ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಿರಿ.

ಸಹೋದರರೇ, ತಹಾರತ್ ಇಲ್ಲದೆ ನಮಾಝ್ ಇಲ್ಲವೆಂದು ಮಕ್ಕಳಿಗೆ ಕಲಿಸುತ್ತೇವೆ. ಹಝ್ರತ್ ಉಸ್ಮಾನ್ (ರ) ಅವರು ಮದೀನಾದ ರೂಮಾ ಬಾವಿಯನ್ನು ಕೊಂಡು ಜನರಿಗೆ ವಕ್ಫ್ ಮಾಡಿದ ಚರಿತ್ರೆಯನ್ನೂ ಹೇಳುತ್ತೇವೆ. ಇಂದು ನಮ್ಮ ಬೀದಿಯ ಪೈಪೇ ಆ ಬಾವಿ. ತಿಲಕ್ ನಗರವಿರಲಿ, ಗುರಪ್ಪನಪಾಳ್ಯವಿರಲಿ, ಯಾರಬ್ ನಗರವಿರಲಿ, ಅದರ ನೀರು ಕುಡಿಯುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಅದನ್ನು ಕೆಡಿಸದಿರುವುದು ನೆರೆಯವರ ಹಕ್ಕನ್ನು ಕಾಯುವುದೇ ಆಗಿದೆ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದ ಮೇಲೆ ದೊಡ್ಡವರ ಜೊತೆಗೆ ನಿಂತು ಸಂಪಿನ ಮುಚ್ಚಳ ತೆಗೆಸಿ. ಪೈಪಿನ ಬಾಯಿ ಎಲ್ಲಿದೆ ಎಂದು ನೋಡಿ. ನೀರಿನಲ್ಲಿ ಮುಳುಗಿದ್ದರೆ ಪ್ಲಂಬರನ್ನು ಕರೆಸಲು ಅಬ್ಬಾ ಅಮ್ಮಿಗೆ ಹೇಳಿ. ವಿಜ್ಞಾನ ಪುಸ್ತಕದ ಪಾಠವನ್ನು ಬದುಕಿಗೆ ತರುವುದು ಎಂದರೆ ಇದೇ.

ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.